ಪೆಟ್ಟಿಗೆಗೆ ಹೂಂ ಅಂದವರು

“ಗಾಡಿ ಇನ್ನ ನಿಮ್ದು. ಸೀಟು ಬದಲಾಯಿಸ್ರಿ, ಬಣ್ಣ ಹೊಡಿಸ್ರಿ, ಏನಾರ ಮಾಡ್ಕಳ್ರಿ. ಆ ಪೆಟ್ಟಿಗಿ ಭಾಷೆ ಒಂದು ಮಾತ್ರ ಬದಲಾಯಿಸಾಕೆ ಹೋಗಬ್ಯಾಡ್ರಿ.”

ಅಡಿಕೆ ವ್ಯಾಪಾರಿ ಮಹೇಶ್ವರಪ್ಪ ಕೀಲಿಯನ್ನು ವಿನೋದನ ಅಂಗೈಯಲ್ಲಿಟ್ಟರೂ ತಮ್ಮ ಬೆರಳು ಬಿಡಲಿಲ್ಲ. ಚನ್ನಗಿರಿಯ ಮಂಡಿಯ ಹಿಂದಿನ ಆ ಶೆಡ್ಡಿನಲ್ಲಿ ನಡುಹಗಲಲ್ಲೂ ಕತ್ತಲೆ. ಬೇಯಿಸಿದ ಅಡಿಕೆಯ ಒಗರು ವಾಸನೆ, ಗೋಣಿಚೀಲದ ಧೂಳು, ಅವೆರಡರ ಅಡಿಯಲ್ಲಿ ಇನ್ನೊಂದು ನಾತ, ಕೊಳೆತ ನಿಂಬೆಹಣ್ಣಿನಂಥದ್ದು. ಟಾರ್ಪಾಲಿನ ಕೆಳಗಿದ್ದ ಬಿಳಿ ಕಾರು ಮಾತ್ರ ಆಗತಾನೇ ತೊಳೆದಂತೆ ಹೊಳೆಯುತ್ತಿತ್ತು.

ವಿನೋದ್ ಮೈಸೂರಿನವನು. ಹೆಂಡತಿ ರಮ್ಯಶ್ರೀಯ ತವರು ನ್ಯಾಮತಿ. ಅವಳ ಊರಿನ ಹತ್ತಿರ ಎಲ್ಲಾದರೂ ನೆಲೆಯಾಗೋಣವೆಂದು ಬೇಸಿಗೆಯಲ್ಲಿ ಚನ್ನಗಿರಿಗೆ ಬಂದು, ಕಾರುಗಳಿಗೆ ಸ್ಪೀಕರ್, ಸೀಟ್ ಕವರ್, ರಿವರ್ಸ್ ಕ್ಯಾಮೆರಾ ಹಾಕಿಕೊಡುವ ಅಂಗಡಿ ತೆರೆದಿದ್ದ. ತಾನು ತೆರೆಯದ ಮೆನು ಜಗತ್ತಿನಲ್ಲಿಲ್ಲ ಎಂಬ ಜಂಬ ಅವನಿಗೆ. ಶೆಡ್ಡಿನಲ್ಲಿ ಬಿದ್ದಿದ್ದ ಈ ಕಾರನ್ನು ಕಂಡ ದಿನದಿಂದ ಮಹೇಶ್ವರಪ್ಪನವರ ಬೆನ್ನು ಬಿದ್ದಿದ್ದವನೂ ಅವನೇ. ಅವರಾಗಿ ಮಾರಲು ಹೊರಟವರಲ್ಲ.

ಕಾರಣ ಕೇಳಿದ್ದಕ್ಕೆ ಅವರು ಹೇಳಿದರು. ಈ ದಾರಿ ತೋರಿಸುವ ಪೆಟ್ಟಿಗೆಯನ್ನು ಅವರ ತಮ್ಮ ಗುರುಬಸವರಾಜ್ ಮುಂಬೈಯ ಹಳೇ ಸಾಮಾನಿನ ಸಂತೆಯಿಂದ ತಂದು ಕೂರಿಸಿದ್ದ. ಜಪಾನಿನಿಂದ ಬಂದದ್ದು, ಮಾತೆಲ್ಲ ಜಪಾನಿಯೇ. ತಿಳಿಯಲೆಂದು ಅವನು ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿದ. ಆ ಹೊತ್ತಿಗೆ ದಾಯಾದಿಗಳ ಜೊತೆ ಹೊಲದ ಬದುವಿನ ಜಗಳ ನಡೆದಿತ್ತು. ಯಾರು ಮಾಡಿಸಿದರೋ, ಸೀಟಿನ ಕೆಳಗೆ ಕೂದಲು ಸುತ್ತಿ ಸೂಜಿ ಚುಚ್ಚಿದ ನಿಂಬೆಹಣ್ಣು ಸಿಕ್ಕಿತು. ಅಂದಿನಿಂದ ಪೆಟ್ಟಿಗೆ ಅಚ್ಚ ಕನ್ನಡದಲ್ಲಿ ಕಥೆ ಹೇಳತೊಡಗಿತು, ಸತ್ತುಹೋದ ಅವರ ತಾಯಿಯ ದನಿಯಲ್ಲಿ. ಒಂದು ಸಾಲು ಹೇಳಿ ನಿಲ್ಲುವುದು. ಕೇಳಿದವನು ಹೂಂ ಅಂದರೆ ಮುಂದಿನ ಸಾಲು. ಕಥೆ ಮುಗಿದ ದಿನ ಕೇಳಿದವನೂ ಮುಗಿದ.

“ಹೊನ್ನಾಳಿ ಹೊಳಿ ದಂಡಿಗೆ ಸಿಕ್ತು ಗಾಡಿ. ಮುಂದಿನ ಗಾಲಿ ಎರಡೂ ನೀರಾಗೆ. ಒಳಗೆ ಒಂದು ಹನಿ ನೀರಿಲ್ಲ. ನನ್ನ ತಮ್ಮನ ಹೊಟ್ಟಿ ತುಂಬ ಹೊಳಿ ನೀರು.”

ಜಗಳೂರು ಕಡೆಯ ಬೊಮ್ಮಕ್ಕ ಎಂಬ ಮುದುಕಿ ಬಂದು ಅದನ್ನು ಕಟ್ಟಿಹಾಕಿದ್ದಳು. ಈ ಮಾಟವನ್ನು ಕೀಳಲಾಗದು, ಪೆಟ್ಟಿಗೆ ಒಡೆದರೆ ಬೇರೆ ಬಾಯಿ ಹುಡುಕುತ್ತದೆ. ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆಯೊಳಗೆ ಕೂಡಿಟ್ಟರೆ ಎಷ್ಟು ಬೇಕಾದರೂ ಕಥೆ ಹೇಳಿಕೊಳ್ಳಲಿ, ತಿಳಿಯದ ಮಾತಿಗೆ ಹೂಂ ಅನ್ನುವವರು ಯಾರು? ಹಾಗೆಂದು ಭಾಷೆಯನ್ನು ಮೊದಲಿನ ಜಪಾನಿಗೇ ತಿರುಗಿಸಿ, ಪೆಟ್ಟಿಗೆಯ ಬೆನ್ನಿಗೆ ಕರಿದಾರ ಕಟ್ಟಿ ಹೋಗಿದ್ದಳು.

ವಿನೋದನಿಗೆ ನಗು ತಡೆಯಲಾಗಲಿಲ್ಲ. ದೆವ್ವಕ್ಕೆ ಜಪಾನಿ ಕಲಿಸಿದ್ದೀರಲ್ಲ ಸ್ವಾಮಿ, ಟ್ಯೂಷನ್ನಿಗೆ ಯಾರ ಹತ್ತಿರ ಕಳಿಸಿದ್ದಿರಿ ಎಂದು ಕೇಳಿಯೇಬಿಟ್ಟ. ಮಹೇಶ್ವರಪ್ಪ ನಗಲಿಲ್ಲ. ನಿಮಗೆ ಮಕ್ಕಳು ಅದಾವೇನು ಎಂದಷ್ಟೇ ಕೇಳಿದರು. ಒಬ್ಬಳು ಮಗಳು ಎಂದಾಗ ಕೀಲಿಯನ್ನು ಮರಳಿ ಕಿತ್ತುಕೊಳ್ಳುವವರಂತೆ ಅವರ ಕೈ ಒಮ್ಮೆ ಬಿಗಿಯಾಯಿತು. ಆಮೇಲೆ ಬಿಟ್ಟರು.

ಮಗಳೆಂದರೆ ವಿನೋದನಿಗೆ ಪ್ರಾಣ. ಚೈತ್ರಶ್ರೀ, ಒಂದನೇ ಕ್ಲಾಸು, ಮಾತಿನ ಮಲ್ಲಿ. ಮೈಸೂರಿನಲ್ಲಿ ಹುಟ್ಟಿದ ಹುಡುಗಿ ಚನ್ನಗಿರಿಗೆ ಬಂದ ತಿಂಗಳೊಳಗೆ ‘ಇದೆ’ ಬಿಟ್ಟು ‘ಐತೆ’ ಹಿಡಿದಿದ್ದಳು. ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತಾಡುತ್ತಾ ಉರ್ದು ಬೇರೆ. ಅಪ್ಪನಿಗೆ ತಿಂಗಳಾನುಗಟ್ಟಲೆ ತಿಣುಕಿದರೂ ಬಾರದ್ದು ಅವಳ ನಾಲಿಗೆಗೆ ನೀರು ಕುಡಿದಷ್ಟು ಸಲೀಸು. ದಿನಾ ಊಟವಾದ ಮೇಲೆ ಅಪ್ಪನ ಎದೆಯ ಮೇಲೆ ಮಲಗಿ ಕಥೆ ಹೇಳುವುದು ಅವಳ ಪದ್ಧತಿ. ಸಾಲಿಗೊಂದು ಹೂಂ ಬೀಳಬೇಕು. ತಪ್ಪಿದರೆ ಕಥೆ ಮತ್ತೆ ಮೊದಲಿಂದ. ಹೀಗಾಗಿ ಹೂಂಗುಟ್ಟುವುದು ವಿನೋದನಿಗೆ ಉಸಿರಾಟದಷ್ಟೇ ರೂಢಿಯಾಗಿಹೋಗಿತ್ತು. ಗಿರಾಕಿಗೂ ಹೂಂ, ಫೋನಿಗೂ ಹೂಂ, ನಿದ್ದೆಯಲ್ಲೂ ಹೂಂ.

ಕಾರು ಚೆನ್ನಾಗಿಯೇ ಓಡಿತು. ಕೀಲಿ ತಿರುವಿದೊಡನೆ ಪೆಟ್ಟಿಗೆಯೊಳಗಿನ ಹೆಂಗಸು ಸಕ್ಕರೆಯಂಥ ದನಿಯಲ್ಲಿ ಏನೋ ಹೇಳುವಳು. ತೆರೆಯ ಮೇಲೆ ನಮ್ಮ ದೇಶದ ನಕ್ಷೆಯೇ ಇಲ್ಲ. ಬೂದಿ ಬಣ್ಣದ ಬಯಲು, ನಡುವೆ ಒಂದು ಬಾಣ, ಅಷ್ಟೆ. ದಾರಿಯೇ ಇಲ್ಲದ ಬಯಲಿನಲ್ಲಿ ಅವಳು ಮಾತ್ರ ಬಿಡದೆ “ಮಾಮೊನಾಕು, ಹಿದಾರಿ ಹೋಕೋ ದೆಸ್” ಎನ್ನುವಳು. ಇನ್ನೇನು ಎಡಕ್ಕೆ ಎಂಬ ಆ ಮಾತಿನ ಅರ್ಥ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಲ್ಲುವಳು. ಇನ್ನೊಂದು ಸಾಲು ಹೇಳುವಳು. ಮತ್ತೆ ನಿಲ್ಲುವಳು. ಚೈತ್ರಶ್ರೀಗೆ ಅದೊಂದು ಆಟ. ಅವಳಿಗೆ ಮಾಮೊನಾಕಜ್ಜಿ ಎಂದು ಹೆಸರಿಟ್ಟು, ಹೇಳಿದ್ದನ್ನೆಲ್ಲ ಹಿಂದಿನ ಸೀಟಿನಲ್ಲಿ ಕೂತು ತದ್ವತ್ ಒಪ್ಪಿಸುವಳು. ಅಪ್ಪ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುವರು.

ಅಂಗಡಿಯಲ್ಲಿ ತನ್ನ ಕಾರಿಗೇ ಒಂದು ರಿವರ್ಸ್ ಕ್ಯಾಮೆರಾ ಕೂರಿಸಲು ಹೋಗಿ ವಿನೋದ್ ಸಿಕ್ಕಿಬಿದ್ದ. ಕ್ಯಾಮೆರಾಕ್ಕೆ ಮೆನುವಿನಲ್ಲಿ ಅನುಮತಿ ಕೊಡಬೇಕು, ಮೆನು ಪೂರ್ತಿ ಜಪಾನಿ. ನೋಡುತ್ತ ನಿಂತಿದ್ದ ಗಿರಾಕಿಯೊಬ್ಬ, ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಾಗೆ ಬಿತ್ತಂತೆ ಎಂದು ಬಾಯ್ತುಂಬ ನಕ್ಕ. ಅಷ್ಟು ಸಾಕಾಯಿತು. ಜಂಬದ ಮನುಷ್ಯನಿಗೆ ದೆವ್ವ ಬಡಿದರೆ ತಡೆದಾನು, ನಗೆಪಾಟಲು ತಡೆಯಲಾರ.

ಫೋನಿನ ಕ್ಯಾಮೆರಾವನ್ನು ತೆರೆಗೆ ಹಿಡಿದು ಅಕ್ಷರಗಳನ್ನು ಅನುವಾದ ಮಾಡಿಸುತ್ತ ಹೋದ. ಹಲ್ಲುಗಾಲಿಯ ಚಿತ್ರ ಒತ್ತಿದ. ಸಾಲುಗಳು ಬಂದವು. ಬೆಳಕು, ಸದ್ದು, ಗಡಿಯಾರ. ತಳದಲ್ಲಿ ಭಾಷೆ. ವೈರು ಎಳೆಯಲು ಪೆಟ್ಟಿಗೆಯ ಹಿಂದೆ ಕೈ ಹಾಕಿದಾಗ ಬೆರಳಿಗೆ ಕರಿದಾರ ತಗುಲಿತು. ಕಟಿಂಗ್ ಪ್ಲೈಯರ್‌ನಿಂದ ಕಚಕ್ಕನೆ ಕತ್ತರಿಸಿ ಎಸೆದ. ಆಮೇಲೆ ಇಂಗ್ಲಿಷನ್ನು ಒತ್ತಿದ.

ತೆರೆ ಕಪ್ಪಾಯಿತು. ಮತ್ತೆ ಹೊತ್ತಿಕೊಂಡಾಗ ಮೆನು ಚಂದವಾಗಿ ಇಂಗ್ಲಿಷಿನಲ್ಲಿತ್ತು. ಕ್ಯಾಮೆರಾದ ಚಿತ್ರವೂ ಬಂತು. ಮೊದಲ ಗಳಿಗೆ ಅದರಲ್ಲಿ ಕಂಡದ್ದು ಚನ್ನಗಿರಿಯ ರಸ್ತೆಯಲ್ಲ, ಅಲುಗಾಡುವ ನೀರು. ಲೆನ್ಸು ಒದ್ದೆಯಾಗಿರಬೇಕೆಂದು ಹೋಗಿ ಒರೆಸಿದ. ಬಟ್ಟೆಗೆ ತೇವವೇ ತಗುಲಲಿಲ್ಲ. ತಿರುಗಿ ಬಂದು ನೋಡಿದರೆ ರಸ್ತೆ ಸರಿಯಾಗಿ ಕಾಣುತ್ತಿತ್ತು. ಪೆಟ್ಟಿಗೆಯ ಹೆಂಗಸು ಮಾತ್ರ ಆ ದಿನ ಪೂರ್ತಿ ತುಟಿ ಪಿಟಕ್ಕೆನ್ನಲಿಲ್ಲ.

ಆ ವಾರ ರಮ್ಯಶ್ರೀ ತನ್ನ ತಾಯಿ ನಿರ್ಮಲಮ್ಮನವರ ಮಂಡಿನೋವಿಗೆಂದು ಮಗಳನ್ನು ಕರೆದುಕೊಂಡು ನ್ಯಾಮತಿಗೆ ಹೋಗಿದ್ದಳು. ತಾನಿನ್ನೂ ಇರಬೇಕು, ಸೋಮವಾರ ಸ್ಕೂಲಿದೆ, ಚೈತ್ರಿಯನ್ನು ನೀನು ಕರೆದುಕೊಂಡು ಹೋಗು ಎಂದು ಫೋನು ಮಾಡಿದಳು. ಭಾನುವಾರ ವಿನೋದ್ ಹೊರಟ. ಹೋಗುವಾಗ ದಾರಿಯುದ್ದಕ್ಕೂ ಪೆಟ್ಟಿಗೆ ಮೌನ. ನ್ಯಾಮತಿಯಲ್ಲಿ ಉಂಡು, ಒಂದಿಷ್ಟು ಕಣ್ಣು ಮುಚ್ಚಿ, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುವಾಗ ಹೊತ್ತು ಇಳಿದಿತ್ತು.

ಹೊನ್ನಾಳಿ ದಾಟುವಾಗ ದೀಪ ಹಚ್ಚುವ ವೇಳೆ. ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ರಸ್ತೆ ತುಂಬ ಹರಡಿಕೊಂಡು ಹೋಗುತ್ತಿತ್ತು. ಅದನ್ನು ಹಿಂದೆ ಹಾಕುವುದರಲ್ಲೇ ವಿನೋದನ ಗಮನ. ಆಗ ಮಗಳ ದನಿಯಲ್ಲಿ ಕಥೆ ಶುರುವಾಯಿತು.

“ಒಂದೂರಾಗೆ ಒಬ್ಬ ಅಪ್ಪ ಇದ್ನಂತೆ.”

“ಹೂಂ.”

“ಅವಂಗೆ ಒಬ್ಳೇ ಮಗಳಂತೆ.”

“ಹೂಂ.”

“ಒಂದಿನ ಇಬ್ರೂ ಕಾರಾಗೆ ಹೊಂಟ್ರಂತೆ.”

“ಹೂಂ.”

“ಅಪ್ಪಂಗೆ ದಾರಿ ತಪ್ತಂತೆ.”

“ಹೂಂ.”

ಟ್ರ್ಯಾಕ್ಟರ್ ಹಿಂದೆ ಬಿತ್ತು. ವಿನೋದ್ ನಿರಾಳವಾಗಿ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಅವಳ ತುಟಿ ಮುಚ್ಚಿತ್ತು. ಕಣ್ಣರಳಿಸಿ ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ದಿಟ್ಟಿಸುತ್ತಿದ್ದಳು.

“ಅಪ್ಪಾ, ನಾನಲ್ಲ ಹೇಳ್ತಿರೋದು. ಮಾಮೊನಾಕಜ್ಜಿ.”

 ಪೆಟ್ಟಿಗೆಯ ಕಡೆ ಅವನ ಕಣ್ಣು ಹೊರಳಿತು. ಬೂದಿ ಬಯಲಿನಲ್ಲಿ ಇಂದು ದಾರಿಯಿತ್ತು. ಬಾಣದ ಮುಂದೆ ಕಪ್ಪು ಗೆರೆಯೊಂದು ತುಂಡು ತುಂಡಾಗಿ ಮೂಡಿತ್ತು. ಅವನು ಅಂದ ಹೂಂಗಳೆಷ್ಟೋ ಅಷ್ಟೇ ತುಂಡು. ಆ ಗೆರೆ ಹೋಗುತ್ತಿದ್ದ ದಿಕ್ಕಿನಲ್ಲಿ ತೆರೆಯ ಅಂಚಿಗೆ ನೀಲಿ ಬಣ್ಣ ಕಂಡಿತು.

“ಹೊಳಿ ಕರೀತಂತೆ,” ಎಂದಿತು ಪೆಟ್ಟಿಗೆ, ಅವನ ಮಗಳ ದನಿಯಲ್ಲಿ. ನಿಂತಿತು. ಕಾಯಿತು.

ವಿನೋದ್ ತುಟಿ ಕಚ್ಚಿದ. ಗಂಟಲಿನವರೆಗೆ ಬಂದ ಹೂಂ ಅನ್ನು ಉಗುಳಿನ ಜೊತೆ ನುಂಗಿದ. ಮಹೇಶ್ವರಪ್ಪ ಶೆಡ್ಡಿನಲ್ಲಿ ಹೇಳಿದ ಒಂದೊಂದು ಮಾತೂ ಈಗ ನೆನಪಿಗೆ ಬಂತು, ನಗು ಮಾತ್ರ ಬರಲಿಲ್ಲ. ಕಾರಿನೊಳಗೆ ಕೊಳೆತ ನಿಂಬೆಹಣ್ಣಿನ ನಾತ ಮೂಗಿಗೆ ಅಡರಿತು. ತಾನು ಹೂಂ ಅನ್ನದಿದ್ದರೆ ಆಯಿತು, ಕಥೆ ಇಲ್ಲಿಗೇ ನಿಂತಿತು ಎಂದುಕೊಂಡ. ಹಿಂದಿನ ಸೀಟಿನಲ್ಲಿ ಕಥೆಯೆಂದರೆ ಜೀವ ಬಿಡುವ ಮಗು ಕೂತಿದೆ ಎಂಬುದು ಆ ಗಳಿಗೆ ಅವನಿಗೆ ಹೊಳೆಯಲಿಲ್ಲ.

“ಅಪ್ಪಾ, ಹೂಂ ಅನ್ನು. ಇಲ್ಲಾಂದ್ರೆ ಅಜ್ಜಿ ಮುಂದಕ್ಕೆ ಹೇಳಲ್ಲ.” ಎರಡು ಗಳಿಗೆ ಕಾದಳು. ಅಪ್ಪನಿಗೆ ಏನೋ ಸಿಟ್ಟು ಎಂದುಕೊಂಡಿರಬೇಕು. ತಾನೇ ಹೇಳಿದಳು.

“ಹೂಂ.”

ಕಪ್ಪು ಗೆರೆ ಮುಂದಕ್ಕೆ ಜಿಗಿಯಿತು. ಎಡಗಡೆಯ ಇಂಡಿಕೇಟರ್ ತಾನಾಗಿ ಟಿಕ್ ಟಿಕ್ ಎನ್ನತೊಡಗಿತು. ಸ್ಟೇರಿಂಗ್ ಅವನ ಕೈಯೊಳಗೆ ತಿರುಗಿತು. ಸೇತುವೆಗೆ ಮೊದಲೇ ಒಂದು ಮಣ್ಣುದಾರಿ. ಕಾರು ಅದಕ್ಕಿಳಿಯಿತು. ಜಾಲಿಮುಳ್ಳು ಗಾಜಿಗೆ ಗೀರಿದವು. ಬ್ರೇಕ್ ಒತ್ತಿದ. ಹತ್ತಿ ಒತ್ತಿದಂತೆ ಒಳಕ್ಕೆ ಹೋಯಿತು. ಕೀಲಿ ಕಿತ್ತ. ಇಂಜಿನ್ ನಿಂತಿತು. ಕಾರು ನಿಲ್ಲಲಿಲ್ಲ.

“ಅಪ್ಪ ಮಗಳು ದಂಡೀಗೆ ಬಂದ್ರಂತೆ.”

“ಚೈತ್ರಿ, ಮಾತಾಡಬೇಡ!”

“ಹೂಂ,” ಎಂದಳು ಮಗಳು, ಅಪ್ಪನಿಗೆ. ಹೂಂ ಯಾರಿಗೆ ಹೇಳಿದ್ದೆಂದು ಪೆಟ್ಟಿಗೆ ನೋಡಲಿಲ್ಲ.

ಮುಂದೆ ನೀರು. ಕಪ್ಪಗೆ, ಸದ್ದಿಲ್ಲದೆ. ಕಾರಿನ ಬೆಳಕು ಅದರ ಮೇಲೆ ಬಿದ್ದು ನಡುಗಿತು. ಬೆಲ್ಟು ಬಿಚ್ಚಿದ. ಹಿಂದಕ್ಕೆ ಬಾಗಿ ಮಗಳ ಬಾಯಿ ಮುಚ್ಚಿದ. ಅವಳು ಹೆದರಿ ಕೈ ಕಚ್ಚಿದಳು. ಅವನು ಬಿಡಲಿಲ್ಲ. ಅವಳನ್ನು ಮುಂದಕ್ಕೆ ಎಳೆದುಕೊಂಡು ಬಾಗಿಲು ಒದ್ದ. ತೆರೆಯಲಿಲ್ಲ. ಮತ್ತೆ ಒದ್ದ. ಮರಳಿಗೆ ಸಿಕ್ಕ ಗಾಲಿ ಒಂದು ಗಳಿಗೆ ತಡವರಿಸಿತು. ಬಾಗಿಲು ಬಿಟ್ಟುಕೊಂಡಿತು. ಮಗಳನ್ನು ಎದೆಗವಚಿಕೊಂಡು ಹೊರಕ್ಕೆ ಬಿದ್ದ. ಭುಜ ಕಲ್ಲಿಗೆ ಬಡಿಯಿತು. ಕಾರು ಅವರಿಬ್ಬರನ್ನೂ ದಾಟಿ, ಯಾರೋ ಕೂತು ನಡೆಸಿದಷ್ಟು ನಿಧಾನವಾಗಿ, ಹೊಳೆಗೆ ಇಳಿಯಿತು. ಮುಳುಗಿದ ಮೇಲೂ ಎಡ ಇಂಡಿಕೇಟರ್ ನೀರಿನಡಿ ಮಿನುಗುತ್ತಲೇ ಇತ್ತು.

ಬದುಕಿದೆವು ಎಂದುಕೊಂಡ ವಿನೋದ್. ಮಗಳ ಬಾಯಿಂದ ಕೈ ತೆಗೆದ. ಅವಳು ಅಳುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ, ದೂರದ್ದೇನೋ ಕೇಳಿಸಿಕೊಳ್ಳುವವಳಂತೆ ಕೂತಿದ್ದಳು.

“ಅಪ್ಪಾ, ಅಜ್ಜಿ ಇನ್ನೂ ಹೇಳ್ತಿದಾಳೆ.”

ಯಾರದೋ ಗಾಡಿ ಹತ್ತಿ ಚನ್ನಗಿರಿಯ ಮನೆ ಸೇರಿ, ಆ ರಾತ್ರಿ ಅವನು ಮಗಳ ಬಾಯಿಗೆ ಕಲ್ಲುಸಕ್ಕರೆ ಹಾಕುತ್ತ ಕೂತ. ಬಾಯಿ ತುಂಬ ಸಕ್ಕರೆಯಿದ್ದರೆ ಹೂಂ ಬರಲಾರದೆಂಬ ಆಸೆ. ಮೈಸೂರಿನ ಬುದ್ಧಿವಂತ ಗಂಡಸು ಹಾಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಸುದ್ದಿ ಕೇಳಿ ರಮ್ಯಶ್ರೀ ನ್ಯಾಮತಿಯಿಂದ ಓಡಿಬಂದಳು. ಬೆಳಗಾಗುವಷ್ಟರಲ್ಲಿ ಮಹೇಶ್ವರಪ್ಪ ತಮ್ಮ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದರು. ನಾನು ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ. ತಪ್ಪು ನನ್ನದು, ಆ ಕೀಲಿ ಕೊಡಬಾರದಿತ್ತು ಎಂದು ದಾರಿಯುದ್ದಕ್ಕೂ ತಮ್ಮಷ್ಟಕ್ಕೇ ಹೇಳಿಕೊಂಡರು.

ಬೊಮ್ಮಕ್ಕನ ಹಳ್ಳಿ ಜಗಳೂರು ದಾಟಿದ ಮೇಲೆ. ಸುತ್ತ ಬೋಳು ಬಯಲು, ನೆರಳಿಗೊಂದು ಬೇವಿನ ಮರ. ಮುದುಕಿ ಅದರ ಬುಡದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗುವನ್ನು ಹತ್ತಿರ ಕರೆದು, ಅದರ ಕಿವಿಗೆ ತನ್ನ ಕಿವಿ ಹಚ್ಚಿ ಆಲಿಸಿದಳು. ಮುಖ ಕಪ್ಪಿಟ್ಟಿತು.

“ಪೆಟ್ಟಿಗಿ ಹೊಳಿ ಪಾಲಾತು. ಈಗ ಅದಕ್ಕೆ ಬಾಯಿಲ್ಲ. ಕೂಸಿನ ಕಿವ್ಯಾಗೆ ಕುಂತು ಹೇಳಾಕೆ ಹತ್ತೈತೆ. ಕಥಿ ಬಾಳ ಉಳಿದಿಲ್ಲ.”

ತೆಗೆದುಹಾಕಿ ತಾಯಿ ಎಂದು ರಮ್ಯಶ್ರೀ ಕಾಲು ಹಿಡಿದಳು. ತೆಗೆಯಲು ಬರದು, ಕಟ್ಟಲು ಮಾತ್ರ ಬರುತ್ತದೆ ಎಂದಳು ಮುದುಕಿ. ಕಟ್ಟಬೇಕಾದರೆ ಒಂದು ಬಾಯಿ ಬೇಕು. ಅದು ಮೊದಲು ಇದ್ದ ಭಾಷೆಯಲ್ಲೇ ಆ ಬಾಯಿ ಮಾತಾಡಬೇಕು, ಆಡಿದ್ದು ಹತ್ತಿರದವರಿಗೆ ತಿಳಿಯಬಾರದು.

ನನ್ನ ಬಾಯಿ ಎಂದ ವಿನೋದ್. ಯೋಚನೆ ಮಾಡಲಿಲ್ಲ.

“ನಿಮ್ಮ ಮನ್ಯಾಗೆ ಆ ಭಾಷೆ ಬರೋರು ಯಾರಾರ ಅದಾರೇನು?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಜಪಾನಿ ಬರುವವರು ಚನ್ನಗಿರಿಯಲ್ಲಿ ಯಾರಿದ್ದಾರೆ? ಚೈತ್ರಶ್ರೀ ನೆಲದ ಮೇಲೆ ಶೇಂಗಾ ಸಿಪ್ಪೆಯನ್ನು ಸಾಲಾಗಿ ಜೋಡಿಸುತ್ತ ಏನೋ ಗುನುಗುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮುದುಕಿ ನಿಂಬೆಹಣ್ಣನ್ನು ಅವನ ನಾಲಿಗೆಯ ಮೇಲೆ ಹಿಡಿದು ಕುಡುಗೋಲು ಎತ್ತಿದಳು. “ನಿನ್ನ ಮಾತು ನಿನಗಿರಲ್ಲಪ್ಪ. ಬಾಯಿ ತೆಗೆದ್ರೆ ಅದರದ್ದೇ ಬರ್ತೈತೆ. ಮಗಳ ಕಥಿಗೆ ಹೂಂ ಅನ್ನಾಕೂ ಆಗಲ್ಲ. ಒಪ್ಪಿಗೆಯೇನು?”

ವಿನೋದ್ ಮಗಳನ್ನು ನೋಡಿದ. “ಹೂಂ,” ಎಂದ.

ಅದೇ ಕೊನೆಯದು. ಹುಳಿ ನಾಲಿಗೆಗೆ ಬಿದ್ದದ್ದಷ್ಟೇ ಗೊತ್ತು. ಹೊಳೆಯ ಕೆಸರಿನ ವಾಸನೆ ಗಂಟಲಿಗಿಳಿದು, ನಾಲಿಗೆ ಬೇರೆಯವರದೆಂಬಂತೆ ಬಾಯಿಯಲ್ಲಿ ಹೊರಳಿತು. ಚೈತ್ರಶ್ರೀ ಕಿವಿಗೆ ನೀರು ಹೊಕ್ಕವಳಂತೆ ತಲೆ ಕೊಡವಿ, ಅಜ್ಜಿ ಹೋದಳು ಎಂದಳು. ಮಗಳ ಹೆಸರು ಹಿಡಿದು ಕರೆಯಲು ಅವನು ಬಾಯಿ ತೆರೆದ. ಸಕ್ಕರೆಯಂಥ ಸಾಲೊಂದು ಹೊರಬಂತು: “ಮಾಮೊನಾಕು...” ಬಾಯಿ ಮುಚ್ಚಿಕೊಂಡ.

ಬದುಕು ಎಂಥದ್ದಕ್ಕೂ ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಿ ಗಂಟಲಿನ ಆಪರೇಷನ್ ಆಗಿದೆ ಎಂದು ಹಬ್ಬಿಸಿದರು. ಗಿರಾಕಿಗಳ ಜೊತೆ ಅವನದು ಫೋನಿನಲ್ಲಿ ಬರೆದು ತೋರಿಸುವ ವ್ಯವಹಾರ. ಎಚ್ಚರವಿದ್ದಷ್ಟು ಹೊತ್ತು ಹಲ್ಲು ಕಚ್ಚಿ ಮೌನವಾಗಿರುತ್ತಿದ್ದ. ನಿದ್ದೆ ಮಾತ್ರ ಅವನ ಕೈಯಲ್ಲಿರಲಿಲ್ಲ. ಮಲಗಿದೊಡನೆ ಬಾಯಿ ತಾನಾಗಿ ಮಾತಾಡತೊಡಗುವುದು. ರಮ್ಯಶ್ರೀ ಗದ್ದಕ್ಕೆ ಟವೆಲು ಕಟ್ಟಿ ಮಲಗಿಸುವಳು. ಚೈತ್ರಶ್ರೀ ಮೊದಮೊದಲು ಮುನಿಸಿಕೊಂಡಳು, ಆಮೇಲೆ ಹೂಂ ಬದಲಿಗೆ ಅಪ್ಪ ತಲೆಯಾಡಿಸಿದರೂ ಸಾಕೆಂದು ರಾಜಿಯಾದಳು. ಎದೆಯ ಮೇಲೆ ಮಲಗಿ ಅವಳು ಕಥೆ ಹೇಳುವಾಗ ಅವನ ಕಣ್ಣು ತುಂಬಿ ಬರುತ್ತಿತ್ತು. ಮಗಳು ಉಳಿದಳಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದವನಿಗೆ ತನ್ನದೇ ದನಿ ಕೇಳಿ ಎಚ್ಚರವಾಯಿತು. ಟವೆಲು ಬಿಚ್ಚಿ ಪಕ್ಕಕ್ಕೆ ಬಿದ್ದಿತ್ತು. ಯಾರೋ ಬಿಚ್ಚಿ ಮಡಿಸಿಟ್ಟಿದ್ದರು. ಬಾಯಿ ನಿಧಾನವಾಗಿ ಒಂದು ಸಾಲು ಹೇಳಿತು. ನಿಂತಿತು. ಕಾಯಿತು. ತಲೆದಿಂಬಿನ ಪಕ್ಕದಲ್ಲಿ ಚೈತ್ರಶ್ರೀ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಗಲ್ಲಕ್ಕೆ ಎರಡೂ ಕೈ. ತುಂಬ ದಿನದಿಂದ ಹಾಗೆ ಕೂತು ರೂಢಿಯಾದವಳಂತೆ.

“ಅಮ್ಮಾ,” ಎಂದು ಅಡುಗೆಮನೆಯ ಕಡೆ ಕೂಗಿದಳು. “ಅಪ್ಪನ ಮಾತು ನಂಗೆಲ್ಲಾ ತಿಳಿತೈತೆ. ಹೊಳಿ ಕಥೆ. ಮುಗಿಯಾಕೆ ಬಂತು.”

ಕುಕ್ಕರ್ ಕೂಗುತ್ತಿತ್ತು. ರಮ್ಯಶ್ರೀಗೆ ಕೇಳಿಸಲಿಲ್ಲ. ಕೊಳೆತ ನಿಂಬೆಹಣ್ಣಿನ ನಾತ ಕೋಣೆ ತುಂಬಿತ್ತು. ವಿನೋದ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬೇಡ ಎಂದು ಜೋರಾಗಿ ತಲೆ ಅಲ್ಲಾಡಿಸಿದ. ಅಪ್ಪ ತಲೆ ಆಡಿಸುವುದು ಅವಳಿಗೆ ಹೊಸದಲ್ಲ. ಮಗಳು ನಕ್ಕಳು. ಹತ್ತಿರ ಸರಿದು, ಅವನ ಬೆರಳನ್ನು ಒಂದೊಂದಾಗಿ ಬಾಯಿಂದ ಬಿಡಿಸಿದಳು.

“ಹೂಂ,” ಎಂದಳು.